ಮಂಗಳೂರು ಸೆಂಟ್ರಲ್: ಮುಂಬಯಿ ಗಾಡಿಗೆ ಜಾಗ ಎಲ್ಲಿ?

ಊರಿಗೆ ಹೊರಡುವ ಮುಂಬಯಿಯ ತುಳು-ಕನ್ನಡಿಗರಲ್ಲಿ ಕುಂದಾಪುರ, ಉಡುಪಿ, ಸುರತ್ಕಲ್‌ನಲ್ಲಿ ಇಳಿಯುವವರಿಗೆ ಈ ಪ್ರಶ್ನೆ ಅಷ್ಟಾಗಿ ತಟ್ಟದು. ತಟ್ಟುವುದು ಬಂಟ್ವಾಳ, ಪುತ್ತೂರು, ಸುಳ್ಯ, ಉಳ್ಳಾಲದ ಕಡೆಯವರಿಗೆ. ಮುಂಬಯಿಯಿಂದ ಮಂಗಳೂರಿಗೇ ಮೀಸಲಾದ ಪ್ರತಿದಿನದ ಗಾಡಿಗಳು ಎರಡು. ಕುರ್ಲಾ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧ ನಗರದ ಮಧ್ಯದ ಸೆಂಟ್ರಲ್‌ಗೆ ಹೋಗುತ್ತದೆ. ಸಿಎಸ್‌ಎಂಟಿ ಸೂಪರ್‌ಫಾಸ್ಟ್‌ಗೆ ಮಾತ್ರ ಮಂಗಳೂರು ಜಂಕ್ಷನ್ನೇ ಕೊನೆ. ನಮ್ಮ ಹಿರಿಯರ ಬಾಯಲ್ಲಿ ಅದು ಇಂದಿಗೂ ‘ಕಂಕನಾಡಿ ಸ್ಟೇಷನ್’. ರಾತ್ರಿಯಿಡೀ ಪಯಣಿಸಿ ಅಲ್ಲಿ ಇಳಿದವರು ಪೆಟ್ಟಿಗೆ, ಚೀಲ, ಮಕ್ಕಳ ಸಮೇತ ರಿಕ್ಷಾ ಹಿಡಿದು ಪೇಟೆಗೆ ಬರಬೇಕು. ಈ ಗಾಡಿಯನ್ನು ಸೆಂಟ್ರಲ್‌ವರೆಗೆ ವಿಸ್ತರಿಸಿ ಎಂಬ ಬೇಡಿಕೆ ಹಳೆಯದು. ಅದು ಈಡೇರದಿರಲು ಕಾರಣ ಹುಡುಕಿದರೆ ನಿಲ್ದಾಣದ ಚರಿತ್ರೆಗೇ ಹೋಗಬೇಕಾಗುತ್ತದೆ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಬಂದದ್ದು ಮುಂಬಯಿ ಕಡೆಯಿಂದಲ್ಲ, ಮದರಾಸು ಕಡೆಯಿಂದ, ಮಲಬಾರ್ ಕರಾವಳಿಗುಂಟ ಕಾಸರಗೋಡು ದಾಟಿ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಹಂಪನಕಟ್ಟೆಯ ಪಕ್ಕದ ಈ ನಿಲ್ದಾಣ ದಕ್ಷಿಣದಿಂದ ಬಂದ ಗಾಡಿ ನಿಂತು, ಎಂಜಿನ್ ತಿರುಗಿಸಿಕೊಂಡು ಹಿಂದಿರುಗುವ ಕೊನೆಯ ತಾಣವಾಗಿ ರೂಪುಗೊಂಡಿತು. ಹಾಸನದ ಘಾಟಿ ಮಾರ್ಗ ಮೀಟರ್ ಗೇಜ್‌ನಲ್ಲಿ 1979ರಲ್ಲಿ ಬಂತು. 1996ರಲ್ಲಿ ಬ್ರಾಡ್ ಗೇಜ್ ಪರಿವರ್ತನೆಗೆಂದು ಮುಚ್ಚಿದ ಅದರಲ್ಲಿ ಮತ್ತೆ ಪ್ರಯಾಣಿಕರ ಗಾಡಿ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಉತ್ತರದ ಬಾಗಿಲು ತೆರೆದದ್ದು ಕೊಂಕಣ ರೈಲ್ವೆ ಪೂರ್ಣಗೊಂಡ 1998ರಲ್ಲಿ, ಅಂದರೆ ಮೊದಲ ರೈಲು ಬಂದ 91 ವರ್ಷಗಳ ಮೇಲೆ. ಅಲ್ಲಿಯತನಕ ನಮ್ಮವರು ಒಂದು ಕಾಲದಲ್ಲಿ ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಓಡಾಡಿದರು.

ಕೊನೆಗೆ ಬಂದವನಿಗೆ ಪಂಕ್ತಿಯ ತುದಿಯಲ್ಲಿ ಎಲೆ. ಸೆಂಟ್ರಲ್‌ನಲ್ಲಿ ಬಹುಕಾಲ ಇದ್ದದ್ದು ಮೂರೇ ಪ್ಲಾಟ್‌ಫಾರಂ. ಚೆನ್ನೈ, ತಿರುವನಂತಪುರದ ಗಾಡಿಗಳಿಗೇ ಅವು ಸಾಲುತ್ತಿರಲಿಲ್ಲ. ಜಾಗವಿಲ್ಲ ಎಂಬ ಉತ್ತರದಲ್ಲಿ ಆಗ ಸತ್ಯವಿತ್ತು. ಈಚಿನ ವರ್ಷಗಳಲ್ಲಿ ಮತ್ತೆರಡು ಪ್ಲಾಟ್‌ಫಾರಂ ಸೇರಿವೆ. ಆದ್ದರಿಂದ ಹಳೆಯ ಉತ್ತರವನ್ನೇ ಇನ್ನೂ ಒಪ್ಪಿಕೊಳ್ಳುವುದು ಕಷ್ಟ.

ನಮ್ಮ ದೃಷ್ಟಿಯಲ್ಲಿ ನಿಜವಾದ ತೊಡಕು ಆಡಳಿತದ್ದು. ಸೆಂಟ್ರಲ್ ಮತ್ತು ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದವು. ಪಡೀಲ್ ದಾಟಿ ಪುತ್ತೂರಿನತ್ತ ಹೊರಟರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರಿನಿಂದ ಮುಂದಕ್ಕೆ ಕೊಂಕಣ ರೈಲ್ವೆ ನಿಗಮ. ಒಂದೇ ನಗರದಲ್ಲಿ ಮೂರು ಯಜಮಾನರು. ಮುಂಬಯಿ ಗಾಡಿ ಎಲ್ಲಿ ನಿಲ್ಲಬೇಕೆಂದು ಕೇಳಲು ಉಡುಪಿಯವನು ಒಂದು ಕಚೇರಿಗೆ ಅರ್ಜಿ ಹಾಕಿದರೆ, ಪುತ್ತೂರಿನವನು ಇನ್ನೊಂದಕ್ಕೆ. ತೀರ್ಮಾನವಾಗುವುದು ಮತ್ತೆಲ್ಲೋ.

741 ಕಿ.ಮೀ. ಉದ್ದದ ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸುವ ಮಾತಿಗೆ 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರವೂ ಒಪ್ಪಿದ ಮೇಲೆ ಬಲ ಬಂದಿದೆ. ಒಂಟಿ ಹಳಿಯನ್ನು ಜೋಡಿ ಮಾಡಲು ನಿಗಮದ ಬಳಿ ಹಣವಿಲ್ಲ ಎಂಬುದು ಮುಖ್ಯ ವಾದ. ನಿಜವಾದ ದೂರಕ್ಕಿಂತ ಹೆಚ್ಚು ಕಿಲೋಮೀಟರ್ ಲೆಕ್ಕ ಹಾಕಿ ಟಿಕೆಟ್ ದರ ವಸೂಲು ಮಾಡುವ ಪದ್ಧತಿಯೂ ನಮ್ಮ ಜೇಬಿಗೆ ಸಂಬಂಧಿಸಿದ್ದು. ಆದರೆ ವಿಲೀನವಾದೊಡನೆ ಮಂಗಳೂರಿನ ಹಣೆಬರಹ ಬದಲಾಗದು. ಸೆಂಟ್ರಲ್ ಯಾವ ವಿಭಾಗಕ್ಕೆ ಸೇರಬೇಕು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಎತ್ತಿದರೆ ಕೇರಳದ ಪ್ರಯಾಣಿಕರಿಗೂ ಹೇಳಲು ಮಾತಿದೆ. ಸೆಂಟ್ರಲ್ ಅವರಿಗೂ ಬೇಕಾದ ನಿಲ್ದಾಣ.

ಒಳ್ಳೆಯದೇನೂ ಆಗಿಲ್ಲವೆಂದಲ್ಲ. ಮತ್ಸ್ಯಗಂಧಕ್ಕೆ 2025ರ ಫೆಬ್ರವರಿಯಲ್ಲಿ ಹೊಸ ಎಲ್‌ಎಚ್‌ಬಿ ಬೋಗಿಗಳು ಬಂದವು. ಅದೇ ಏಪ್ರಿಲ್‌ನಲ್ಲಿ ಸೆಂಟ್ರಲ್–ಕಬಕ ಪುತ್ತೂರು ಪ್ಯಾಸೆಂಜರ್ ಸುಬ್ರಹ್ಮಣ್ಯ ರೋಡ್‌ವರೆಗೆ ಓಡತೊಡಗಿತು. ವಂದೇ ಭಾರತ್ ಸಂಗತಿ ಮಾತ್ರ ವಿಚಿತ್ರ: 2023ರಲ್ಲಿ ಮುಂಬಯಿಯಿಂದ ಒಂದು, ಮಂಗಳೂರಿನಿಂದ ಒಂದು ಆರಂಭವಾದವು, ಎರಡೂ ಮಡಗಾಂವ್‌ನಲ್ಲೇ ಕೊನೆಗೊಂಡವು!

ಮಳೆಗಾಲದ ವೇಳಾಪಟ್ಟಿಯ ಬಗ್ಗೆ ಮಾತ್ರ ಗೊಣಗುವುದು ಸಲ್ಲ. 2003ರ ಜೂನ್‌ನಲ್ಲಿ ವೈಭವವಾಡಿ ಬಳಿ 50ಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷದ ಜೂನ್‌ನಲ್ಲಿ ಕರಂಜಾಡಿ ಸಮೀಪ ಬಂಡೆಗೆ ಸಿಕ್ಕಿ ಹಳಿ ತಪ್ಪಿದ್ದು ಇದೇ ಮತ್ಸ್ಯಗಂಧ. ಗಾಡಿ ನಿಧಾನವಾಗಿ ಓಡುವುದಕ್ಕೆ ಅರ್ಥವಿದೆ. ಆದರೆ ತಡವಾಗಿ ಜಂಕ್ಷನ್ ತಲುಪಿ, ಜಡಿಮಳೆಯಲ್ಲಿ ರಿಕ್ಷಾಕ್ಕಾಗಿ ಕಾಯುವುದಕ್ಕೂ ಸುರಕ್ಷತೆಗೂ ಸಂಬಂಧವಿಲ್ಲ. ಮುಂಗಡ ಕಾದಿರಿಸುವ ಅವಧಿ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಚೌತಿಗೆ ಊರಿಗೆ ಹೋಗುವವರು ಟಿಕೆಟ್ ತೆಗೆಯುವಾಗ ಗಾಡಿ ಸೆಂಟ್ರಲ್‌ನದೋ ಜಂಕ್ಷನ್‌ನದೋ ನೋಡಿಕೊಂಡು, ಕರೆದೊಯ್ಯಲು ಬರುವ ಊರಿನವರಿಗೂ ಸರಿಯಾಗಿ ತಿಳಿಸುವುದು ಲೇಸು.