ಊರು ಸೇರದ ತೇಪೆ

ನನ್ನ ಮೇಜಿನ ಖಾನೆಯಲ್ಲಿ ಹಳೆಯ ಮೊಬೈಲ್ ಫೋನೊಂದಿದೆ. ಗಾಜು ಒಡೆದಿಲ್ಲ, ಮಾತು ಸ್ಪಷ್ಟವಾಗಿ ಕೇಳುತ್ತದೆ. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗನಿಗೆ ಓದಿಗೆ ಆದೀತೆಂದು ಅದನ್ನು ಕೊಡಲು ನಿಶ್ಚಯಿಸಿದ್ದೆ. ನನ್ನ ಹಿಂದಿನ ವಿದ್ಯಾರ್ಥಿಯೊಬ್ಬ ತಡೆದ. "ಕೊಡಬೇಡಿ ಸಾರ್, ಇದಕ್ಕೆ ಪ್ಯಾಚ್ ಬರುವುದು ನಿಂತುಹೋಗಿ ನಾಲ್ಕು ವರ್ಷವಾಯಿತು" ಎಂದ. ಪ್ಯಾಚ್ ಎಂದರೆ ತೇಪೆ. ಹರಿಯದ ವಸ್ತುವಿಗೆ ತೇಪೆಯೇಕೆ ಎಂದು ಕೇಳಿದೆ. ಹರಕು ಕಣ್ಣಿಗೆ ಕಾಣದು, ಒಳಗಿದೆ ಎಂದು ಅವನು ಹೇಳಿದ. ಆ ಮಾತಿನ ಜಾಡು ಹಿಡಿದು ಹೊರಟ ನನಗೆ ತಿಳಿದುಬಂದ ಕಥೆಯೊಂದು ವಿಚಾರಪರರಾದ ಓದುಗರ ಗಮನಕ್ಕೆ ಅರ್ಹವೆಂದು ತೋರಿತು.

ಗಣಕಯಂತ್ರವಾಗಲಿ, ಫೋನಾಗಲಿ, ಅದರ ಒಳಾಡಳಿತವನ್ನು ನಡೆಸುವ ತಂತ್ರಾಂಶದ ತಿರುಳಿಗೆ ಕರ್ನೆಲ್ ಎಂದು ಹೆಸರು. ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ತೀರ್ಮಾನಿಸುವ ಅಧಿಕಾರ ಅದರದು. ಲಿನಕ್ಸ್ ಅಂಥದೊಂದು ಕರ್ನೆಲ್. ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಅದೇ. 2016ರ ಅಕ್ಟೋಬರಿನಲ್ಲಿ ಅದರಲ್ಲಿದ್ದ ದೋಷವೊಂದು ಬಯಲಾಯಿತು. ‘ಕಾಪಿ ಆನ್ ರೈಟ್’, ಅಂದರೆ ಬರೆಯುವಾಗ ನಕಲು ಕೊಡುವ ಪದ್ಧತಿಯಲ್ಲಿ ಅದು ಅಡಗಿತ್ತು. ಆ ಮೂರು ಆಂಗ್ಲ ಪದಗಳ ಮೊದಲಕ್ಷರಗಳು ಕೂಡಿ ‘ಡರ್ಟಿ ಕೌ’ ಎಂಬ ಹೆಸರಾಯಿತು. ಪಾಪ, ಹಸುವಿಗೂ ಅದಕ್ಕೂ ಬೇರೆ ಸಂಬಂಧವಿಲ್ಲ.

ದೋಷದ ಸ್ವರೂಪವನ್ನು ತಿಳಿಯಲು ಕಚೇರಿಯೊಂದರ ದಫ್ತರಖಾನೆಯನ್ನು ನೆನೆಯೋಣ. ಮೂಲ ಕಡತವನ್ನು ಎಲ್ಲರೂ ಓದಬಹುದು; ತಿದ್ದುವ ಹಕ್ಕು ಮಾತ್ರ ಇಲ್ಲ. ಒಬ್ಬಾತ ಬಂದು "ಇದರ ಮೇಲೆ ಬರೆಯಬೇಕು" ಎನ್ನುತ್ತಾನೆ. ಗುಮಾಸ್ತನು ನಕಲು ತೆಗೆದು ಮುಂದಿಟ್ಟು, ಇನ್ನು ಭಯವಿಲ್ಲವೆಂದು ಚೀಟಿಯಲ್ಲಿದ್ದ ‘ಬರೆಯುವವನು’ ಎಂಬ ಗುರುತನ್ನು ಅಳಿಸುತ್ತಾನೆ. ಆ ಕ್ಷಣದಲ್ಲಿಯೇ ಬಂದವನ ಜೊತೆಗಾರನು "ನಕಲು ಬೇಡ" ಎಂದು ಅದನ್ನು ಹರಿಸಿಬಿಡುತ್ತಾನೆ. ಗುಮಾಸ್ತ ತಿರುಗಿ ನೋಡಿದರೆ ಮೇಜು ಬರಿದು; ಚೀಟಿಯಲ್ಲಿ ಬರೆಯುವ ಮಾತಿಲ್ಲ. ಓದಲು ಬಂದವನಿರಬೇಕೆಂದು ಮೂಲವನ್ನೇ ತಂದಿಡುತ್ತಾನೆ. ಲೇಖನಿಯಾದರೋ ಮೊದಲೇ ಕೈಯಲ್ಲಿ ಸಿದ್ಧವಾಗಿದೆ! ಹೀಗೆ ಸಾಮಾನ್ಯ ಬಳಕೆದಾರನು ಇಡೀ ಯಂತ್ರದ ಯಜಮಾನನಾಗಬಹುದಾಗಿತ್ತು. 2007ರಲ್ಲಿ ಹೊರಬಂದ 2.6.22ನೆಯ ಆವೃತ್ತಿಯಿಂದ ಒಂಬತ್ತು ವರ್ಷ ಆ ಬಾಗಿಲು ತೆರೆದೇ ಇತ್ತು. ದಾಳಿಗೆ ತುತ್ತಾದ ಯಂತ್ರವೊಂದರ ಸಂಚಾರದ ದಾಖಲೆಗಳಲ್ಲಿ ಫಿಲ್ ಓಸ್ಟರ್ ಎಂಬವರು ಅದನ್ನು ಕಂಡುಹಿಡಿಯುವ ವೇಳೆಗೆ ಕಳ್ಳರು ಒಳಹೊಕ್ಕಾಗಿತ್ತು.

ಪರಿಹಾರ ಕೆಲವೇ ಸಾಲುಗಳದು. ಚೀಟಿಯ ಗುರುತನ್ನು ಅಳಿಸಕೂಡದು. ‘ನಕಲು ಕೊಟ್ಟಿದೆ’ ಎಂಬ ಇನ್ನೊಂದು ಗುರುತನ್ನು ಸೇರಿಸಬೇಕು. ಮುಂದಿರುವುದು ನಕಲೇ ಎಂದು ನೋಡಿಕೊಂಡ ಮೇಲೆ ಬರೆಯಲು ಬಿಡಬೇಕು. ಇದನ್ನು ಬರೆದವರು ಲಿನಕ್ಸಿನ ಜನಕರಾದ ಲೀನಸ್ ಟೋರ್ವಾಲ್ಡ್ಸ್. ಅವರ ಟಿಪ್ಪಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಪ್ಪಿಗೆಯೊಂದಿದೆ. ಹನ್ನೊಂದು ವರ್ಷಗಳ ಹಿಂದೆ ತಾವೇ ಇದನ್ನು ಸರಿಪಡಿಸಲು ಹೋಗಿ, ಕೆಟ್ಟದಾಗಿ ಸರಿಪಡಿಸಿದ್ದರೆಂದೂ, ಎಸ್390 ಎಂಬ ಯಂತ್ರಗಳಲ್ಲಿ ತೊಡಕುಂಟಾಗಿ ಅದನ್ನು ಹಿಂದೆಗೆಯಬೇಕಾಯಿತೆಂದೂ ಅವರು ಬರೆದಿದ್ದಾರೆ. ಅಂದು ಬರಿಯ ತರ್ಕದಲ್ಲಿದ್ದ ಅಪಾಯ ಕಾಲ ಕಳೆದಂತೆ ನಿಜವಾಗಿ ಕೈಗೆಟುಕುವಂಥದಾಯಿತು. ತನ್ನ ತಪ್ಪನ್ನು ಕಡತದಲ್ಲಿಯೇ ದಾಖಲಿಸುವ ಈ ಧೈರ್ಯ ನಮ್ಮ ಎಷ್ಟು ಕಚೇರಿಗಳಲ್ಲಿದೆ?

ಕಥೆ ಅಲ್ಲಿಗೆ ಮುಗಿಯಲಿಲ್ಲ. 2017ರ ನವೆಂಬರಿನಲ್ಲಿ ಹೊಸ ತೇಪೆಯಲ್ಲಿಯೂ ಕಿಂಡಿಯೊಂದು ಕಂಡಿತು. ನೆನಪಿನ ದೊಡ್ಡ ಪುಟಗಳ ವಿಷಯದಲ್ಲಿ ಅದೇ ಬಗೆಯ ಪರೀಕ್ಷೆ ಸರಿಯಾಗಿರಲಿಲ್ಲ, ಅದನ್ನೂ ತಿದ್ದಬೇಕಾಯಿತು. ಇದಕ್ಕಾಗಿ ನಾನು ಯಾರನ್ನೂ ದೂರಲಾರೆ. ಮನುಷ್ಯನ ಕೆಲಸದಲ್ಲಿ ತಿದ್ದುವಿಕೆಯೂ ತಿದ್ದುಪಡಿಗೆ ಒಳಪಟ್ಟದ್ದೇ.

ನನ್ನ ದೂರು ಬೇರೆಡೆಗೆ. ಹೊಲಿದ ತೇಪೆ ಹರಿದ ಬಟ್ಟೆಯವರ ಮನೆಗೆ ತಲಪಿತೇ? ಮೂಲದಲ್ಲಿ ದೋಷ ಪರಿಹಾರವಾದದ್ದು 2016ರ ಅಕ್ಟೋಬರಿನಲ್ಲಿ. ಸುಮಾರು ಒಂದು ವರ್ಷದ ಅನಂತರ, 2017ರ ಸೆಪ್ಟೆಂಬರಿನಲ್ಲಿ, ಇದೇ ದೋಷವನ್ನು ಬಳಸಿ ಆಂಡ್ರಾಯ್ಡ್ ಫೋನುಗಳನ್ನು ವಶಪಡಿಸಿಕೊಳ್ಳುತ್ತಿದ್ದ ‘ಜೆಡ್‌ನಿಯು’ ಎಂಬ ಕುತಂತ್ರಾಂಶವನ್ನು ಟ್ರೆಂಡ್ ಮೈಕ್ರೋ ಸಂಸ್ಥೆ ಬೆಳಕಿಗೆ ತಂದಿತು. ಅದು 40ಕ್ಕೂ ಹೆಚ್ಚು ದೇಶಗಳಲ್ಲಿ ಕಂಡುಬಂದಿತ್ತು. ಪೀಡಿತರಲ್ಲಿ ಬಹುಪಾಲು ಚೀನಾದವರು ಮತ್ತು ನಮ್ಮ ದೇಶದವರು. ಮದ್ದು ಇದ್ದಿತು, ರೋಗಿಯ ಬಳಿಗೆ ಬರಲಿಲ್ಲ. ಮೂಲದ ತಿದ್ದುಪಡಿಯನ್ನು ಚಿಪ್ಪು ಮಾಡುವವರು, ಫೋನು ಮಾಡುವವರು ತಮ್ಮ ತಮ್ಮ ಆವೃತ್ತಿಗಳಿಗೆ ಅಳವಡಿಸಿ ಕಳುಹಿಸಬೇಕು. ಈ ಸರಪಣಿಯಲ್ಲಿ ಒಬ್ಬರು ಸುಮ್ಮನಾದರೂ ಕೊನೆಯವನಿಗೆ ಏನೂ ಇಲ್ಲ. ಆ ಕೊನೆಯವನು ಸಾಮಾನ್ಯವಾಗಿ ಅಗ್ಗದ ಫೋನನ್ನೋ, ಮತ್ತೊಬ್ಬರು ಬಳಸಿ ಬಿಟ್ಟ ಫೋನನ್ನೋ ಹಿಡಿದವನು.

ಹಳೆಯ ವಸ್ತುಗಳನ್ನೆಲ್ಲ ಎಂದೆಂದಿಗೂ ಪೋಷಿಸಲಾಗದೆಂದು ತಯಾರಕರು ಹೇಳುವುದರಲ್ಲಿ ಹುರುಳಿಲ್ಲದಿಲ್ಲ. ಆದರೆ ಎಷ್ಟು ಕಾಲ ಪೋಷಿಸುವೆವೆಂದು ಮಾರುವಾಗಲೇ ಹೇಳಬಾರದೆ? ಯುರೋಪಿನ ಒಕ್ಕೂಟದಲ್ಲಿ 2024ರ ಡಿಸೆಂಬರ್ 10ರಂದು ಜಾರಿಗೆ ಬಂದ ಸೈಬರ್ ರೆಸಿಲಿಯೆನ್ಸ್ ಕಾಯಿದೆ ಈ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿದೆ. ವಸ್ತುವಿನ ಬಳಕೆಯ ಅವಧಿಯೇ ಕಡಮೆಯಾಗಿದ್ದ ಹೊರತು ಐದು ವರ್ಷಕ್ಕೆ ಕಡಮೆಯಿಲ್ಲದಂತೆ ದೋಷಗಳನ್ನು ಪರಿಹರಿಸಬೇಕು; ಆ ಅವಧಿ ಮುಗಿಯುವ ದಿನವನ್ನು ಕೊಳ್ಳುವವನಿಗೆ ತಿಳಿಸಬೇಕು. ಮುಖ್ಯ ವಿಧಿಗಳು ಅನ್ವಯಿಸಲು 2027ರ ಡಿಸೆಂಬರ್ 11ನ್ನು ಗೊತ್ತುಮಾಡಿದೆ. ಔಷಧದ ಸೀಸೆಯ ಮೇಲೆ ಕೊನೆಯ ತಾರೀಖನ್ನು ನೋಡಿ ಕೊಳ್ಳುವ ನಾವು ಫೋನಿನ ವಿಷಯದಲ್ಲಿಯೂ ಅದನ್ನು ಕೇಳುವುದು ನ್ಯಾಯವಲ್ಲವೆ?

ಫೋನು ಇನ್ನೂ ಖಾನೆಯಲ್ಲಿಯೇ ಇದೆ. ಕೊಡುವೆನೆಂದು ಹುಡುಗನಿಗೆ ಮಾತು ಕೊಟ್ಟಾಗಿದೆ. ಅವನು ದಿನವೂ ಬಂದು ಬಾಗಿಲಲ್ಲಿ ನಿಂತು ಹೋಗುತ್ತಾನೆ. ನಾನು ಬಳಸಲು ಅಂಜುವ ವಸ್ತುವನ್ನು ದಾನವೆಂದು ಅವನ ಕೈಗಿಡುವುದು ನನ್ನಿಂದಾಗದು.