ಅಕ್ಕನ ಉತ್ತರ: ಮಾರ್ಕ್ಸ್ ಕಾರ್ಡ್ ಕೇಳದ ಯೂನಿವರ್ಸಿಟಿ

ಇಂಗ್ಲೆಂಡಿನಿಂದ ಸೋದರಿಯೊಬ್ಬರು ಬರೆದಿದ್ದಾರೆ: “ಎಂಟನೇ ಕ್ಲಾಸಿಗೇ ಸ್ಕೂಲು ಬಿಡಿಸಿದರು. ಈಗ 43. ಡಿಗ್ರಿ ಮಾಡ್ತೀನಿ ಅಂದ್ರೆ ಮಗನೇ ನಗ್ತಾನೆ ಅಕ್ಕಾ.”

ನಗಲಿ ಬಿಡಿ. ನೀವಿರುವ ದೇಶದಲ್ಲೇ ಓಪನ್ ಯೂನಿವರ್ಸಿಟಿ ಇದೆಯಲ್ಲ! 1971ರಿಂದ ಪಾಠ ಹೇಳುತ್ತಿದೆ. ಬಹುಪಾಲು ಕೋರ್ಸುಗಳಿಗೆ ಹಳೆಯ ಮಾರ್ಕ್ಸ್ ಕಾರ್ಡ್ ಬೇಡ. ಇಂಗ್ಲಿಷ್ ಮಾತ್ರ ಚೆನ್ನಾಗಿ ಬರಬೇಕು. ಆನರ್ಸ್ ಡಿಗ್ರಿಗೆ 360 ಕ್ರೆಡಿಟ್. ಮನೆಯಲ್ಲೇ ಓದುತ್ತಾ ವರ್ಷಕ್ಕೆ 60ರಂತೆ ಮುಗಿಸಿದರೆ ಆರು ವರ್ಷ. ಬರೆಯುವ ರೂಢಿ ತಪ್ಪಿದವರಿಗೆಂದೇ ‘ಆಕ್ಸೆಸ್’ ಪಾಠವುಂಟು. ಮೊದಲು ಅದಕ್ಕೆ ಸೇರಿ, ಪ್ರಬಂಧ ಬರೆಯಲು ಕೈ ನಡುಗುವುದು ತಪ್ಪುತ್ತೆ.

ಫೀಸು ಹಗುರವಲ್ಲ, ಮುಚ್ಚಿಡಲಾರೆ. ಸರಕಾರದ ಸಾಲ ಸಿಗುವುದು ನಿಮ್ಮ ವೀಸಾ ಯಾವುದು, ಅಲ್ಲಿ ಎಷ್ಟು ವರ್ಷದಿಂದಿದ್ದೀರಿ ಎಂಬುದರ ಮೇಲೆ. ಅದನ್ನು ವಿಚಾರಿಸಿಕೊಂಡೇ ಅರ್ಜಿ ಹಾಕಿ. ಮಗನಿಗೆ ಆಮೇಲೆ ಹೇಳಿದರಾಯಿತು.