ಮೇಲ್ಮನವಿಯಿಲ್ಲದ ಎಚ್ಚರಿಕೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಲಾರಿ ನಡೆಸಿ ಜೀವಿಸುವವನೊಬ್ಬನನ್ನು ಹೆದ್ದಾರಿಯ ಬದಿಯಲ್ಲಿ ತಡೆದು, ಆತ ವೇಗದ ಮಿತಿಯನ್ನು ಮೀರಿದ್ದನ್ನೋ ಹಿಂಬದಿಯ ದೀಪವೊಂದು ಉರಿಯದಿರುವುದನ್ನೋ ಕಂಡ ಅಧಿಕಾರಿಯು, ದಂಡದ ಚೀಟಿಯನ್ನು ಹರಿದುಕೊಡದೆ ಎಚ್ಚರಿಕೆಯ ಮಾತನ್ನಷ್ಟೇ ಹೇಳಿ ಮುಂದಕ್ಕೆ ಬಿಟ್ಟರೆ, ಆತನು ದಯೆ ತೋರಿದನೆಂದೇ ಲೋಕವು ಭಾವಿಸುವುದು ಸಹಜ. ಚಾಲಕನೂ ಹಾಗೆಯೇ ಭಾವಿಸಿ, ಕೃತಜ್ಞನಾಗಿ ಕೈಮುಗಿದು ಹೊರಡುತ್ತಾನೆ. ಆದರೆ ದಂಡದ ಚೀಟಿಯೆಂಬುದು ಒಂದು, ತಪಾಸಣೆಯ ವರದಿಯೆಂಬುದು ಮತ್ತೊಂದು. ಚೀಟಿ ಕೊಡಲಿ ಬಿಡಲಿ, ವರದಿಯಲ್ಲಿ ಬರೆದ ದೋಷವು ಕೇಂದ್ರದ ದಾಖಲೆಗೆ ಸೇರಿಯೇ ಸೇರುತ್ತದೆ. ಚೀಟಿ ಪಡೆದವನಿಗೆ ನ್ಯಾಯಾಧೀಶರ ಮುಂದೆ ನಿಂತು ತಾನು ನಿರ್ದೋಷಿಯೆಂದು ವಾದಿಸುವ ಹಕ್ಕುಂಟು. ಎಚ್ಚರಿಕೆ ಪಡೆದವನಿಗೆ ಆ ಹಕ್ಕಿಲ್ಲ. ಏಕೆಂದರೆ ನ್ಯಾಯಾಲಯವು ವಿಚಾರಿಸುವುದಕ್ಕೆ ಅಲ್ಲಿ ಮೊಕದ್ದಮೆಯೇ ಇಲ್ಲ.

ಈ ವ್ಯವಸ್ಥೆಯ ಉದ್ದೇಶವು ಉದಾತ್ತವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಸರಕು ತುಂಬಿದಾಗ 80,000 ಪೌಂಡುಗಳವರೆಗೆ, ಅಂದರೆ ಸುಮಾರು 36 ಟನ್ನಿನವರೆಗೆ, ತೂಗಬಹುದಾದ ವಾಹನವು ಸಡಿಲವಾದ ಬ್ರೇಕಿನೊಡನೆಯೋ ನಿದ್ದೆಗೆಟ್ಟ ಚಾಲಕನ ಕೈಯಲ್ಲಿಯೋ ಓಡುವುದನ್ನು ಯಾವ ಸರಕಾರವೂ ಸುಮ್ಮನೆ ನೋಡುತ್ತ ಕುಳಿತಿರಲಾಗದು. 2000ದ ಜನವರಿಯಲ್ಲಿ ಸ್ಥಾಪಿತವಾದ ಅಲ್ಲಿಯ ಕೇಂದ್ರ ಮೋಟಾರು ಸಾಗಣೆ ಸುರಕ್ಷತಾ ಆಡಳಿತವು 2010ರ ಡಿಸೆಂಬರಿನಲ್ಲಿ ಸಿಎಸ್ಎ ಎಂಬ ಪದ್ಧತಿಯನ್ನು ಜಾರಿಗೆ ತಂದಿತು. ರಸ್ತೆಬದಿಯ ತಪಾಸಣೆಯಲ್ಲಿ ಕಂಡ ದೋಷಗಳನ್ನೂ ನಡೆದ ಅಪಘಾತಗಳನ್ನೂ 7 ವರ್ಗಗಳಾಗಿ ವಿಂಗಡಿಸಿ, ಒಂದೊಂದು ದೋಷಕ್ಕೂ ಅದರ ತೀವ್ರತೆಗನುಗುಣವಾಗಿ 1ರಿಂದ 10ರವರೆಗಿನ ಅಂಕವನ್ನಿತ್ತು, ಅದು ಕಳೆದ 6 ತಿಂಗಳಿನದಾದರೆ 3ರಿಂದಲೂ ವರ್ಷದೊಳಗಿನದಾದರೆ 2ರಿಂದಲೂ ಗುಣಿಸಿ, 24 ತಿಂಗಳು ತುಂಬಿದ ಮೇಲೆ ಲೆಕ್ಕದಿಂದ ಬಿಡುವ ಈ ಕ್ರಮವು ಅಳೆಯುವುದು ಸಾಗಣೆ ಸಂಸ್ಥೆಯನ್ನೇ ವಿನಾ ಚಾಲಕನನ್ನಲ್ಲ. ಚಾಲಕನು ಸಂಸ್ಥೆಯನ್ನು ಬಿಟ್ಟು ಹೋದರೂ ಅವನ ದೋಷಗಳು ಹಳೆಯ ಸಂಸ್ಥೆಯ ಲೆಕ್ಕದಲ್ಲಿಯೇ ಉಳಿಯುತ್ತವೆ. ಹೊಸ ಸಂಸ್ಥೆಗೆ ಅಂಟುವುದಿಲ್ಲ.

ಹಾಗಾದರೆ ಚಾಲಕನಿಗೆ ಚಿಂತೆ ಏತಕ್ಕೆ? ಅದೇ 2010ರಲ್ಲಿ ಆರಂಭವಾದ ಪಿಎಸ್‌ಪಿ ಎಂಬ ಇನ್ನೊಂದು ಏರ್ಪಾಟಿನ ಮೂಲಕ, ಕೆಲಸ ಕೊಡಬೇಕೆಂದಿರುವ ಸಂಸ್ಥೆಯು ಅವನ ಹಿಂದಿನ 5 ವರ್ಷಗಳ ಅಪಘಾತಗಳನ್ನೂ 3 ವರ್ಷಗಳ ತಪಾಸಣೆಗಳನ್ನೂ ತರಿಸಿ ಓದಬಲ್ಲುದು. ಅದಕ್ಕೆ ಚಾಲಕನ ಲಿಖಿತ ಸಮ್ಮತಿ ಅವಶ್ಯಕವೆಂಬುದು ನಿಜ. ಆದರೆ ಕೆಲಸ ಬೇಡಿ ಬಂದವನಿಗೆ ಸಮ್ಮತಿಸದೆ ಇರುವ ಸ್ವಾತಂತ್ರ್ಯವು ಎಷ್ಟರಮಟ್ಟಿನದು? ನಮ್ಮ ಕರ್ನಾಟಕದಲ್ಲಿ ಕ್ಯಾಮೆರಾ ಹಿಡಿದ ತಪ್ಪು ವಾಹನದ ನೋಂದಣಿ ಸಂಖ್ಯೆಗೆ ಅಂಟಿಕೊಂಡು, ಮಾಲೀಕನು ಹಣ ಕಟ್ಟಿದೊಡನೆ ಮುಗಿದುಹೋಗುತ್ತದೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇಕಡಾ 50ರ ರಿಯಾಯಿತಿ ದೊರೆತಾಗ ವಾಹನವನ್ನು ನಡೆಸಿದವರು ಯಾರೆಂದು ಕೇಳುವ ಪ್ರಮೇಯವೇ ಬರಲಿಲ್ಲ. ಅಮೆರಿಕದ ಚಾಲಕನಿಗಾದರೋ ತಪಾಸಣೆಯಲ್ಲಿ ಬರೆದ ದೋಷವು ವ್ಯಕ್ತಿಗೇ ಅಂಟುತ್ತದೆ. ಹೊರಡುವ ಮುನ್ನ ವಾಹನವನ್ನು ಪರೀಕ್ಷಿಸತಕ್ಕದ್ದು ಚಾಲಕನ ಕರ್ತವ್ಯವೆಂಬ ನಿಯಮವಿರುವುದರಿಂದ, ಮಾಲೀಕನು ತಿಂಗಳುಗಟ್ಟಲೆ ರಿಪೇರಿಯನ್ನು ಮುಂದೂಡುತ್ತ ಬಂದ ಬ್ರೇಕಿನ ದೋಷವೂ ಅಂದು ಆ ಲಾರಿಯಲ್ಲಿ ಕುಳಿತಿದ್ದವನ ಹೆಸರಿನಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಸಾಬೀತಾಗದ ದೋಷವೂ ದಾಖಲೆಯಲ್ಲಿ ಉಳಿಯುವ ಅನ್ಯಾಯದ ಅರಿವು ಆಡಳಿತಕ್ಕೆ ಬಾರದಿರಲಿಲ್ಲ. 2014ರ ಆಗಸ್ಟ್ 23ರಿಂದೀಚೆಗೆ ನಡೆದ ತಪಾಸಣೆಗಳಿಗೆ ಅನ್ವಯವಾಗುವಂತೆ ಅದು ಒಂದು ತಿದ್ದುಪಡಿಯನ್ನು ಮಾಡಿತು: ನ್ಯಾಯಾಲಯವು ಮೊಕದ್ದಮೆಯನ್ನು ವಜಾ ಮಾಡಿದರೆ ಅಥವಾ ಚಾಲಕನು ನಿರ್ದೋಷಿಯೆಂದು ತೀರ್ಪಿತ್ತರೆ ಆ ದೋಷವು ದಾಖಲೆಯಿಂದ ಅಳಿಯುವುದು, ಬೇರೊಂದು ಲಘುವಾದ ಅಪರಾಧಕ್ಕೆ ಶಿಕ್ಷೆಯಾದರೆ ಅದರ ತೀವ್ರತೆಯ ಅಂಕವು 1ಕ್ಕೆ ಇಳಿಯುವುದು. ಅದಕ್ಕೆ ಮುಂಚೆ ನ್ಯಾಯಾಧೀಶರು ಬಿಡುಗಡೆ ಮಾಡಿದ ಮನುಷ್ಯನನ್ನೂ ದಾಖಲೆಯು ಬಿಡುಗಡೆ ಮಾಡದೆ ಹಿಡಿದಿಟ್ಟುಕೊಂಡಿತ್ತೆಂಬುದನ್ನು ನೆನೆದರೆ ಇದು ಸಣ್ಣ ಸುಧಾರಣೆಯೇನಲ್ಲ. ಆದರೆ ಅದರ ಫಲ ದೊರೆಯುವುದು ಚೀಟಿ ಪಡೆದವನಿಗೆ ಮಾತ್ರ. ಒಂದೇ ದಿನ, ಒಂದೇ ರಸ್ತೆಯಲ್ಲಿ, ಒಂದೇ ತಪ್ಪಿಗಾಗಿ ಇಬ್ಬರನ್ನು ನಿಲ್ಲಿಸಿ, ಒಬ್ಬನಿಗೆ ಚೀಟಿಯನ್ನೂ ಇನ್ನೊಬ್ಬನಿಗೆ ಎಚ್ಚರಿಕೆಯನ್ನೂ ಕೊಟ್ಟರೆ, ಕಠಿಣವಾಗಿ ನಡೆಸಿಕೊಂಡವನ ದಾಖಲೆಯು ಶುದ್ಧವಾಗುವ ಸಂಭವವುಂಟು. ಕನಿಕರಕ್ಕೆ ಪಾತ್ರನಾದವನದು 3 ವರ್ಷ ಹಾಗೆಯೇ ಉಳಿಯುತ್ತದೆ.

ಎಚ್ಚರಿಕೆ ಪಡೆದವನಿಗೆ ಡೇಟಾಕ್ಯೂಸ್ ಎಂಬ ಅರ್ಜಿಯ ದಾರಿಯೊಂದು ಇದೆಯಲ್ಲವೆ ಎಂದು ಕೇಳಬಹುದು. ಇದೆ, ಆದರೆ ಆ ಅರ್ಜಿಯು ಪರಾಮರ್ಶೆಗೆ ಹೋಗುವುದು ವರದಿ ಬರೆದ ರಾಜ್ಯದ ಇಲಾಖೆಗೇ. ತಾನು ಬರೆದುದು ತಪ್ಪೆಂದು ತಾನೇ ತೀರ್ಪು ಕೊಡಬೇಕಾದ ಸಂದಿಗ್ಧಕ್ಕೆ ಪ್ರಾಮಾಣಿಕನಾದ ಅಧಿಕಾರಿಯನ್ನೂ ಸಿಲುಕಿಸುವ ಈ ಏರ್ಪಾಟನ್ನು ವಿಚಾರಣೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಇತ್ತ ಚೀಟಿ ಪಡೆದವನ ಕಷ್ಟವೂ ಅಲ್ಪವಲ್ಲ. ಮನೆಯಿಂದ ಸಾವಿರ ಮೈಲಿ ದೂರದ ಊರಿನ ನ್ಯಾಯಾಲಯಕ್ಕೆ ಹಾಜರಾಗುವುದಕ್ಕಿಂತ ಅಂಚೆಯಲ್ಲಿ ದಂಡ ಕಟ್ಟಿಬಿಡುವುದು ಸುಲಭವೆಂದು ಎಣಿಸಿದವನು, ಹಾಗೆ ಕಟ್ಟಿದ್ದೇ ತಪ್ಪೊಪ್ಪಿಗೆಯಾಯಿತೆಂಬುದನ್ನು ಆಮೇಲೆ ಅರಿಯುತ್ತಾನೆ. ವೇಗದ ಮಿತಿಯನ್ನು ಗಂಟೆಗೆ 15 ಮೈಲಿಗಳಷ್ಟೋ ಅದಕ್ಕಿಂತ ಹೆಚ್ಚೋ ಮೀರಿದಂಥ ಗಂಭೀರ ಅಪರಾಧಗಳು 3 ವರ್ಷಗಳಲ್ಲಿ 2 ಸಲ ಸಾಬೀತಾದರೆ 60 ದಿನ, 3 ಸಲವಾದರೆ 120 ದಿನ ಲಾರಿ ನಡೆಸುವ ಅರ್ಹತೆಯೇ ಹೋಗುತ್ತದೆ. ವಾಣಿಜ್ಯ ಪರವಾನಗಿಯುಳ್ಳವರ ಅಪರಾಧಗಳನ್ನು ರಾಜ್ಯಗಳು ಮರೆಮಾಚಕೂಡದೆಂಬ ನಿಯಮವೂ ಇದೆ. ಈ ಕಾಠಿಣ್ಯವನ್ನು ನಾನು ಆಕ್ಷೇಪಿಸುವುದಿಲ್ಲ. ವಿಚಾರಣೆಯಾಗಿ ಸಾಬೀತಾದ ಅಪರಾಧವನ್ನು ಸರಕಾರವು ಮರೆಯಬೇಕಾದ ಕಾರಣವಿಲ್ಲ.

ಒಳ್ಳೆಯ ಚಾಲಕನಿಗೆ ಆಗುವ ಇನ್ನೊಂದು ನಷ್ಟವನ್ನು ಹೇಳದಿರಲಾಗದು. ಸಂಪೂರ್ಣ ತಪಾಸಣೆಗೆ 37 ಹಂತಗಳುಂಟು. ಎಲ್ಲವನ್ನೂ ನೋಡಿ ಯಾವ ದೋಷವೂ ಕಾಣದಿದ್ದರೆ ಆ ನಿರ್ದೋಷ ವರದಿಯು ಸಂಸ್ಥೆಗೂ ಚಾಲಕನಿಗೂ ಒಳಿತನ್ನೇ ಮಾಡುತ್ತದೆ. ಆದರೆ ಅಧಿಕಾರಿಯು ಕಣ್ಣಾಡಿಸಿ "ಸರಿ, ಹೋಗು" ಎಂದು ವರದಿ ಬರೆಯದೆ ಕಳುಹಿಸಿದರೆ, ಆ ಚಾಲಕನ ಶಿಸ್ತು ಎಲ್ಲಿಯೂ ದಾಖಲಾಗುವುದಿಲ್ಲ. ತಪಾಸಣೆಗಳು ವಿರಳವಾಗಿರುವ ಸಣ್ಣ ಸಂಸ್ಥೆಗಳಲ್ಲಿ ಇದರ ಪರಿಣಾಮವು ವಿಷಮವಾದುದು. ಬಹುಪಾಲು ಸಂಸ್ಥೆಗಳನ್ನು ವಿಶ್ವಾಸಾರ್ಹವಾಗಿ ಹೋಲಿಸುವಷ್ಟು ಮಾಹಿತಿಯೇ ಈ ಪದ್ಧತಿಯಲ್ಲಿಲ್ಲವೆಂದು ಅಮೆರಿಕದ ಶಾಸಕಾಂಗದ ಲೆಕ್ಕಪರಿಶೋಧನಾ ಕಚೇರಿಯು 2014ರಲ್ಲಿಯೇ ವರದಿ ಮಾಡಿತ್ತು; 2015ರ ಡಿಸೆಂಬರಿನ ಶಾಸನವು ಸರಕು ಸಾಗಣೆ ಸಂಸ್ಥೆಗಳ ಶ್ರೇಣಿಗಳನ್ನು ಸಾರ್ವಜನಿಕರ ದೃಷ್ಟಿಯಿಂದ ತೆಗೆಯಿಸಿತು. ಸಂಸ್ಥೆಗಳಿಗೆ ದೊರೆತ ಈ ರಕ್ಷಣೆಗೆ ಸಮಾನವಾದುದು ಪಿಎಸ್‌ಪಿಯಲ್ಲಿ ಚಾಲಕನಿಗೆ ದೊರೆಯಲಿಲ್ಲ.

2024ರ ನವೆಂಬರಿನಲ್ಲಿ ಆಡಳಿತವು 1ರಿಂದ 10ರವರೆಗಿನ ತೀವ್ರತೆಯ ಅಂಕಗಳನ್ನು ಕೈಬಿಟ್ಟು 1 ಅಥವಾ 2 ಎಂಬ ಸರಳ ಕ್ರಮಕ್ಕೆ ಹೋಗುವುದಾಗಿ ಪ್ರಕಟಿಸಿತು. ಈ ಸರಳತೆಯು ಸ್ವಾಗತಾರ್ಹವೇ. ಆದರೆ ಅಂಕವು ಹತ್ತಾದರೂ ಎರಡಾದರೂ, ಎಚ್ಚರಿಕೆ ಪಡೆದವನ ಮಾತನ್ನು ಕೇಳುವವರು ಯಾರೆಂಬುದನ್ನು ಅದು ತೀರ್ಮಾನಿಸುವುದಿಲ್ಲ. ಚೀಟಿಯಿಲ್ಲದೆ ಬರೆದ ದೋಷವನ್ನು ಚಾಲಕನ ವೈಯಕ್ತಿಕ ದಾಖಲೆಗೆ ಸೇರಿಸದಿರುವುದು, ಸೇರಿಸುವುದೇ ಆದರೆ ವರದಿ ಬರೆದ ಇಲಾಖೆಗೆ ಹೊರಗಿನವರಾದ ಪರಾಮರ್ಶಕರ ಮುಂದೆ ಅದನ್ನು ಪ್ರಶ್ನಿಸುವ ಹಕ್ಕನ್ನು ಅವನಿಗೆ ಕೊಡುವುದು, ಇವೆರಡರಲ್ಲಿ ಒಂದನ್ನು ಆಡಳಿತವು ಆರಿಸಿಕೊಳ್ಳಬೇಕು.